ಬ್ರ್ಯೂನ್ ಬಾಟಲಿಯ ಗಂಟು

ಮಾರ್ಚ್ ಹನ್ನೊಂದರ ಮಂಗಳವಾರ ಬೆಳಿಗ್ಗೆ ಗ್ರಾಸ್ ಪಟ್ಟಣದ ಠಾಣೆಗೆ ಬಂದಂಥ ದೂರು, ಫ್ರಾನ್ಸಿನಲ್ಲಿ ಪೊಲೀಸರು ಎಂಬ ಜಾತಿ ಹುಟ್ಟಿದಾಗಿನಿಂದ ಯಾವ ಠಾಣೆಗೂ ಬಂದಿಲ್ಲ. ಇದನ್ನು ಒಪ್ಪದವರು ಯಾರಾದರೂ ಇದ್ದರೆ ಅವರು ಕೆಳಗಿನ ಕಾನ್ ಊರಿನವರೇ ಇರಬೇಕು. ಅಲ್ಲಿನವರಿಗೆ ಮೂಗು ಇರುವುದು ಕನ್ನಡಕ ಕೂರಿಸಿಕೊಳ್ಳಲು ಮಾತ್ರ.

ದೂರು ತಂದವರು ಎಸ್ಕಾರಾ ಸುಗಂಧ ಕಾರ್ಖಾನೆಯ ಒಡತಿ ಸಿಬಿಲ್ ಎಸ್ಕಾರಾ. ಅಂಗೈಯಗಲದ ಹಳೆಯ ಗಾಜಿನ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟು ಕುಳಿತರು.

"ಕಳ್ಳತನ ಆಗಿದೆ."

ಇನ್ಸ್‌ಪೆಕ್ಟರ್ ಲ್ಯೂಸ್ ಒಸೋಲಾ ಬಾಟಲಿಯನ್ನು ನೋಡಿದರು. "ಏನು ಹೋಗಿದೆ?"

"ಇದರೊಳಗೆ ಇದ್ದದ್ದು."

"ಇದು ತುಂಬಿದೆಯಲ್ಲ."

"ತುಂಬಿದೆ. ಆದ್ರೆ ಅದಲ್ಲ."

"ಈಗ ಏನಿದೆ?"

"ಬ್ರ್ಯೂನ್."

"ಮೊದಲು ಏನಿತ್ತು?"

"ಬ್ರ್ಯೂನ್."

ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೆಬಲ್ ಮಾಬೇರ್ ಪೆನ್ನು ಕೆಳಗಿಟ್ಟ. "ಮೇಡಂ, ಯಾರಾದ್ರೂ ನನ್ನ ಕಾರು ಕದ್ದು, ಅದೇ ಜಾಗದಲ್ಲಿ ನನ್ನ ಕಾರನ್ನೇ ನಿಲ್ಲಿಸಿ ಹೋದ್ರೆ, ನಾನೂ ಬಂದು ದೂರು ಕೊಡಬಹುದಾ?"

"ಬರಿಯಪ್ಪ ಸುಮ್ನೆ," ಎಂದರು ಒಸೋಲಾ.

ಬ್ರ್ಯೂನ್ ಎಂದರೆ ಏನೆಂದು ಗ್ರಾಸ್‌ನಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸಿಬಿಲ್ ಅವರ ಅಜ್ಜ ಎಪ್ಪತ್ತೈದು ವರ್ಷಗಳ ಹಿಂದೆ ಇದೇ ಬೆಟ್ಟದ ಜಾಜಿ ಹೂವು, ಓಕ್ ಮರದ ಪಾಚಿ ಮತ್ತು ಇನ್ನೂ ಏನೇನೋ ಬೆರೆಸಿ ಮಾಡಿದ ಪರಿಮಳ ಅದು. ಅದನ್ನು ಹಚ್ಚಿಕೊಂಡ ಹೆಂಗಸು ಬರುವ ಮುನ್ನ ಅವಳ ಪರಿಮಳ ಎರಡು ಬೀದಿ ಮುಂದೆ ಬಂದು ಕುರ್ಚಿ ಹಾಕಿಕೊಂಡು ಕೂರುತ್ತಿತ್ತು. ನೀಸ್‌ಗೆ ಟಿಕೆಟ್ ತೆಗೆದುಕೊಂಡಿದ್ದ ಗಂಡಸರು ನಡುದಾರಿಯಲ್ಲಿ ಬಸ್ಸಿಂದ ಇಳಿದು ಮದುವೆಯಾಗಿ ಇಲ್ಲೇ ಉಳಿದುಬಿಡುತ್ತಿದ್ದರು. ಊರಿನ ಅರ್ಧ ಜನ ಹುಟ್ಟಿದ್ದೇ ಹಾಗೆ.

ಆಮೇಲೆ ಮೇಲಿನವರಿಂದ ನಿಯಮ ಬಂತು. ಮರದ ಪಾಚಿಯಿಂದ ಕೆಲವರ ಚರ್ಮಕ್ಕೆ ತುರಿಕೆಯಂತೆ, ಅದನ್ನು ತೀರಾ ಕಡಿಮೆ ಮಾಡಬೇಕಂತೆ. ಜಾಜಿಯ ಬೆಲೆಯೂ ಆಕಾಶಕ್ಕೆ ಏರಿತ್ತು. ಇಪ್ಪತ್ತು ವರ್ಷಗಳ ಹಿಂದೆ ಎಸ್ಕಾರಾ ಕಾರ್ಖಾನೆ ಬ್ರ್ಯೂನ್ ಅನ್ನು ಹೊಸದಾಗಿ ಕಟ್ಟಿತು. ಬಾಟಲಿ ಅದೇ, ಹೆಸರು ಅದೇ. ಬಸ್ ನಿಲ್ದಾಣದ ಎದುರಿಗೆ ದೊಡ್ಡ ಬೋರ್ಡು ಎದ್ದಿತು: "ಒಂದು ಹನಿಯೂ ಬದಲಾಗಿಲ್ಲ."

ಹಳೆಯ ಬ್ರ್ಯೂನ್ ಉಳಿದದ್ದು ಮೂರೇ ಬಾಟಲಿ. ಐವತ್ತೇಳನೇ ಇಸವಿಯವು, ಕಾರ್ಖಾನೆಯ ನೆಲಮಾಳಿಗೆಯಲ್ಲಿ ಮೊಹರು ಒಡೆಯದೆ ಇದ್ದವು. ಬರುವ ಶನಿವಾರ ಎಪ್ಪತ್ತೈದರ ಹಬ್ಬ. ಕಾರ್ಖಾನೆಯ ಅಂಗಳದಲ್ಲಿ ಒಂದನ್ನು ತೆರೆದು, ಹಳೆಯ ಕೆಲಸಗಾರರಿಗೆಲ್ಲ ಒಂದೊಂದು ಕಾಗದದ ಪಟ್ಟಿಯ ಮೇಲೆ ಮೂಸಲು ಕೊಡುವುದೆಂದು ಊರಿಗೆಲ್ಲ ಸಾರಿದ್ದರು. ಕೆಟ್ಟಿದೆಯೋ ಏನೋ ಎಂದು ಸಿಬಿಲ್ ಸೋಮವಾರ ಒಬ್ಬರೇ ಹೋಗಿ ಒಂದು ಬಾಟಲಿ ಬಿಚ್ಚಿದ್ದರು.

"ಮೊದಲ ಉಸಿರಿಗೇ ಗೊತ್ತಾಯ್ತು," ಎಂದರು. "ಒಳಗಿರೋದು ನಾವು ಈಗ ಮಾರೋದು."

ಒಸೋಲಾ ಎಫ್‌ಐಆರ್ ಹಾಳೆಯನ್ನು ಅವರ ಕಡೆ ತಿರುಗಿಸಿದರು. "ಇಲ್ಲಿ ಬರೀಬೇಕು. ಹಳೆ ಬ್ರ್ಯೂನ್ ಬೇರೆ, ಹೊಸ ಬ್ರ್ಯೂನ್ ಬೇರೆ ಅಂತ. ಇಲ್ಲದಿದ್ರೆ ಕಳ್ಳತನವೇ ಆಗಿಲ್ಲ."

ಸಿಬಿಲ್ ಪೆನ್ನು ಹಿಡಿದರು. ಹಾಗೇ ಕುಳಿತರು.

"ಆ ಜಾಗ ಸದ್ಯಕ್ಕೆ ಖಾಲಿ ಬಿಡಬಹುದಾ?"

"ನಿಮ್ಮ ಬೋರ್ಡು ನೆನಪಾಯ್ತಾ?"

ಆ ಒಂದು ಕಾಲಂ ಖಾಲಿ ಬಿಟ್ಟೇ ದೂರು ದಾಖಲಾಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಪ್ರಪಂಚದ ಮೂಗಿನ ರಾಜಧಾನಿಯಾದ ನಮ್ಮೂರಿಗೆ ಸರ್ಕಾರ ಕೊಟ್ಟ ಇನ್ಸ್‌ಪೆಕ್ಟರಮ್ಮನಿಗೆ ವಾಸನೆಯೇ ಬರುತ್ತಿರಲಿಲ್ಲ. ಐದು ವರ್ಷದ ಹಿಂದಿನ ಜ್ವರದಲ್ಲಿ ಹೋದದ್ದು ತಿರುಗಿ ಬಂದಿಲ್ಲ. ಇಲ್ಲಿನ ನೊಣಕ್ಕೂ ಗುಲಾಬಿಯ ಬಗ್ಗೆ ಒಂದು ಅಭಿಪ್ರಾಯವಿರುವಾಗ ಒಸೋಲಾ ಮಾತ್ರ ಗುಲಾಬಿಯನ್ನೂ ಗೊಬ್ಬರವನ್ನೂ ಒಂದೇ ಮುಖದಲ್ಲಿ ನೋಡುತ್ತಿದ್ದರು. ಆ ಕೊರತೆಯನ್ನು ತುಂಬಲೆಂದೇ ದೇವರು ಮಾಬೇರನನ್ನು ಕೊಟ್ಟಿದ್ದ. ಅವನ ಮೂಗು ಠಾಣೆಯಿಂದ ಹೊರಬಿದ್ದು ಸ್ವಲ್ಪ ಹೊತ್ತಾದ ಮೇಲೆ ಅವನು ಹೊರಬೀಳುತ್ತಿದ್ದ.

ನೆಲಮಾಳಿಗೆಯಲ್ಲಿ ಸ್ಥಳ ಮಹಜರು ನಡೆಯಿತು. ಬೀಗ ಮುರಿದಿರಲಿಲ್ಲ. ಕಿಟಕಿಯೇ ಇರಲಿಲ್ಲ. ಸಿಬಿಲ್ ಕತ್ತರಿಸಿ ತೆಗೆದಿದ್ದ ಮೊಹರು ತಟ್ಟೆಯಲ್ಲಿ ಹಾಗೇ ಇತ್ತು, ಗಂಟು ಬಿಚ್ಚಿರಲಿಲ್ಲ.

ಹಳೆಯ ಕಾಲದ ಬಾಟಲಿಗೆ ಮೊಹರು ಮಾಡುವುದೆಂದರೆ ಅದೇ ಒಂದು ವಿದ್ಯೆ. ಎತ್ತಿನ ಕರುಳಿನ ತೆಳುಪೊರೆಯನ್ನು ನೆನೆಸಿ ಮುಚ್ಚಳದ ಮೇಲೆ ಎಳೆದು, ಕುತ್ತಿಗೆಗೆ ಹತ್ತಿಯ ದಾರ ಸುತ್ತಿ, ಗಂಟಿಗೆ ಅರಗು ಒತ್ತಿ, ಉಳಿದ ದಾರದ ತುದಿಯನ್ನು ಬಾಚಿ ಬೀಸಣಿಗೆಯ ಹಾಗೆ ಬಿಡಿಸಬೇಕು. ಎಸ್ಕಾರಾ ಕಾರ್ಖಾನೆಯಲ್ಲಿ ಆ ಮೇಜಿಗೆ ಕೂರುತ್ತಿದ್ದ ಹೆಂಗಸರು ಸೊಳ್ಳೆಯ ಕೊರಳಿಗೂ ದಾರ ಕಟ್ಟಿ ತುದಿ ಬಾಚಬಲ್ಲವರು. ಈಗ ಆ ಕೆಲಸ ಯಂತ್ರದ್ದು.

ಒಸೋಲಾ ಟಾರ್ಚ್ ಹಿಡಿದು ಉಳಿದೆರಡು ಬಾಟಲಿಗಳನ್ನೂ ತಟ್ಟೆಯ ಮೊಹರನ್ನೂ ತುಂಬಾ ಹೊತ್ತು ನೋಡಿದರು. "ಈ ಎರಡರ ಗಂಟು ಸ್ವಲ್ಪ ವಾರೆ. ಅವಸರದಲ್ಲಿ ಕಟ್ಟಿದ್ದು. ತುದಿಯೂ ಅಷ್ಟಕ್ಕಷ್ಟೆ."

"ಐವತ್ತೇಳರ ಕ್ರಿಸ್‌ಮಸ್ ಗಡಿಬಿಡಿ," ಎಂದರು ಸಿಬಿಲ್. "ಅಜ್ಜ ಅದಕ್ಕೇ ಈ ಮೂರನ್ನ ಮಾರಲಿಲ್ಲ."

"ಬಿಚ್ಚಿದ್ದು ನೋಡಿ. ಕೂದಲೆಳೆ ವಾರೆ ಇಲ್ಲ. ದಾರಕ್ಕೆ ಟೀ ಹಚ್ಚಿ ಹಳೇದು ಮಾಡಿದಾರೆ, ಅಷ್ಟು ಬುದ್ಧಿ ಇದೆ. ಪಕ್ಕದ್ದರ ಹಾಗೆ ಕೆಟ್ಟದಾಗಿ ಕಟ್ಟಿದ್ರೆ ನಾನು ಇಲ್ಲಿಂದ ಬರಿಗೈಲಿ ಹೋಗ್ತಿದ್ದೆ. ಕದಿಯೋದು ಗೊತ್ತಿದೆ, ಕೆಟ್ಟದಾಗಿ ಕಟ್ಟೋದು ಗೊತ್ತಿಲ್ಲ." ಟಾರ್ಚ್ ಆರಿಸಿದರು. "ಹೀಗೆ ಕಟ್ಟೋರು ಊರಲ್ಲಿ ಎಷ್ಟು ಜನ ಉಳಿದಿದಾರೆ?"

"ಮೂರು. ಸಿಲ್ವಾನ್ ಆಸ್ಪತ್ರೆ ಸೇರಿದಾಳೆ, ಇನ್ನು ಏಳಲ್ಲ ಅಂತಾರೆ. ಉಳಿದಿಬ್ಬರು ಪಿಯರೆತ್, ರೇಮೋಂದ್. ಹಬ್ಬಕ್ಕೆ ಅಂತ ಬಾಟಲಿಗಳ ಧೂಳು ಒರೆಸೋಕೆ ಹೋದ ವಾರ ಅವರಿಬ್ಬರನ್ನೇ ಇಲ್ಲಿಗೆ ಕರೆಸಿದ್ದೆ."

ಬುಧವಾರ ಬೆಳಿಗ್ಗೆ ಪಿಯರೆತ್ ಅವರ ವಿಚಾರಣೆ. ಅಡುಗೆಮನೆಯಲ್ಲಿ, ಕಿತ್ತಳೆ ಹೂವಿನ ನೀರು ಹಾಕಿ ಸುಟ್ಟ ರೊಟ್ಟಿಯ ಮುಂದೆ. ಒಸೋಲಾ ಒಂದು ಖಾಲಿ ಬಾಟಲಿ, ಪೊರೆ, ದಾರ ಮುಂದಿಟ್ಟರು.

"ಕಟ್ಟಿ ನೋಡೋಣ."

ಪಿಯರೆತ್ ಕೈ ಚಾಚಿದರು. ಬೆರಳಿನ ಗೆಣ್ಣುಗಳು ಊದಿ ಶುಂಠಿಯ ಹಾಗಿದ್ದವು. ಎರಡನೇ ಸುತ್ತಿಗೇ ಪೊರೆ ಹರಿಯಿತು.

"ನೋಡಮ್ಮಾ, ಈ ಕೈಯಲ್ಲಿ ಬಟಾಣಿ ಸುಲಿಯಕ್ಕೂ ಆಗಲ್ಲ. ರೊಟ್ಟಿ ತಗೋ. ಏ ಮಾಬೇರ್, ನೀನಾಗ್ಲೇ ಮೂರು ತಿಂದೆ, ಎಣಿಸ್ತಿದೀನಿ."

"ಆ ದಿನ ನೆಲಮಾಳಿಗೇಲಿ ರೇಮೋಂದ್ ಒಬ್ಬರೇ ಇದ್ರಾ?"

"ನಾನು ಕಾಫಿಗೆ ಅಂತ ಮೇಲೆ ಹೋಗಿದ್ದೆ." ಅಷ್ಟು ಹೇಳಿ ಮುದುಕಿ ಬಾಯಿಗೆ ಕೈಯಿಟ್ಟುಕೊಂಡರು. ಆಮೇಲೆ ತಾವೇ ಮುಂದುವರಿಸಿದರು. "ಹೋದ ತಿಂಗಳು ಸಿಬಿಲಮ್ಮ ಸಿಲ್ವಾನ್‌ಗೆ ಒಂದು ಬ್ರ್ಯೂನ್ ತಗೊಂಡು ಹೋಗಿದ್ರು. ಹಚ್ಚಿದ್ರೆ ಅವಳು ಮುಖ ತಿರುಗಿಸಿ, ಇದ್ಯಾರೇ ಬಂದಿರೋದು, ಕಳಿಸ್ರೇ ಆಚೆ ಅಂದ್ಲು. ನಲವತ್ತು ವರ್ಷ ಹಳೇ ಬ್ರ್ಯೂನೇ ಹಚ್ಕೊಂಡು ನಮ್ಮಿಬ್ರ ಮಧ್ಯೆ ಕೂತವಳು. ಹಳೇದು ತಂದ್ಕೊಡೇ, ಒಂದ್ಸಲ ಹಚ್ಕೊಂಡು ಹೋಗ್ತೀನಿ ಅಂತ ರೇಮೋಂದ್ ಹತ್ರ ಮಾತು ತಗೊಂಡ್ಲು."

"ತಂದುಕೊಟ್ರಾ?"

"ಎಲ್ಲಿ! ಆಸ್ಪತ್ರೇಲಿ ಫ್ಲೂ ಅಂತ ವಾರದಿಂದ ಯಾರನ್ನೂ ಒಳಗೆ ಬಿಡ್ತಿಲ್ಲ. ಇವಳು ದಿನಾ ಹೋಗಿ ಗೇಟಿನ ಮುಂದೆ ನಿಂತು ಡಾಕ್ಟರಿಗೆ ಬೈದು ಬರ್ತಾಳೆ. ಶನಿವಾರದವರೆಗೂ ಆ ಜೀವ ಇರುತ್ತೋ ಇಲ್ವೋ."

ಮಧ್ಯಾಹ್ನ ರೇಮೋಂದ್ ಇಸ್ನಾರ್ ಅವರನ್ನು ಠಾಣೆಗೆ ಕರೆಸಲಾಯಿತು. ಎಪ್ಪತ್ತೊಂಬತ್ತರ ಹೆಂಗಸು, ಕೋಟಿನ ಗುಂಡಿ ಕುತ್ತಿಗೆವರೆಗೆ ಹಾಕಿ, ಕೈಚೀಲವನ್ನು ತೊಡೆಯ ಮೇಲೆ ಮಗುವಿನ ಹಾಗೆ ಹಿಡಿದಿದ್ದರು.

"ಏನೋ ಮಾಬೇರ್, ನಿಮ್ಮಪ್ಪನ ಮೂಗೂ ಇಷ್ಟೇ ಇತ್ತು. ಪಾಪ, ಮೂಗಿನ ಜೊತೆ ಸ್ವಲ್ಪ ಬುದ್ಧೀನೂ ಬರುತ್ತೆ ಅಂದ್ಕೊಂಡಿದ್ದೆ."

"ಕೂತ್ಕೊಳಿ ಅಮ್ಮಾ," ಎಂದರು ಒಸೋಲಾ. "ಒಂದು ಮೊಹರು ಕಟ್ಟಿ."

ರೇಮೋಂದ್ ಬಾಟಲಿ ನೋಡಿದರು. ಇನ್ಸ್‌ಪೆಕ್ಟರ್ ಮುಖ ನೋಡಿದರು. "ವಯಸ್ಸಾಯ್ತು. ಕೈ ನಡುಗುತ್ತೆ."

"ಬಂದಷ್ಟು."

ಆಮೇಲೆ ಆದದ್ದನ್ನು ನೋಡಿ ಮಾಬೇರನಿಗೂ ಸಂಕಟವಾಯಿತು. ಪೊರೆ ಸುಕ್ಕು ಸುಕ್ಕು, ದಾರ ಓರೆ, ಗಂಟು ಗೋಣಿಚೀಲದ ಗಂಟು. ರೇಮೋಂದ್ ಅದನ್ನು ಮೇಜಿನ ಮೇಲಿಟ್ಟು ಗೋಡೆಯ ಕಡೆ ನೋಡುತ್ತ ಕುಳಿತರು.

ಒಸೋಲಾ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದರು. "ಪರವಾಗಿಲ್ಲ, ಚೆನ್ನಾಗೇ ಇದೆ. ಮಾಬೇರ್, ಇದನ್ನ ಶನಿವಾರದ ಹಬ್ಬಕ್ಕೆ ಕೊಟ್ಟು ಕಳಿಸು. ಎಲ್ಲರ ಎದುರಿಗೆ ಮೇಜಿನ ಮೇಲಿಡಲಿ. ಕೆಳಗೊಂದು ಚೀಟಿ: ಕಟ್ಟಿದವರು ರೇಮೋಂದ್ ಇಸ್ನಾರ್."

ಠಾಣೆಯ ಗಡಿಯಾರವೂ ಉಸಿರು ಹಿಡಿದುಕೊಂಡಿತು. ಮಾಬೇರ್ ಬಾಟಲಿಗೆ ಕೈ ಹಾಕಿದ.

"ಮುಟ್ಟಬೇಡ."

"ಏನಂದ್ರಿ?"

"ಕೊಡೋ ಇಲ್ಲಿ!"

ರೇಮೋಂದ್ ಬಾಟಲಿಯನ್ನು ಕಿತ್ತುಕೊಂಡರು. ಕೈಚೀಲದಿಂದ ಕತ್ತರಿ ಬಂತು, ಬೇರೆ ದಾರ ಬಂತು, ಕೆಂಪರಗಿನ ತುಂಡು ಬಂತು, ಮೂರು ಹಲ್ಲು ಮುರಿದ ಪುಟ್ಟ ಬಾಚಣಿಗೆ ಬಂತು. ಆ ಬೆರಳುಗಳು ಓಡಿದ ವೇಗಕ್ಕೆ ಮೇಜಿನ ಮೇಲಿನ ಕಾಗದಗಳು ಹಾರಿದವು ಎಂದರೆ ನಂಬಬೇಕು. ಮಾಬೇರ್ ಕಣ್ಣು ಮಿಟುಕಿಸಿ ತೆರೆಯುವುದರೊಳಗೆ ಬಾಟಲಿಯ ಕೊರಳಲ್ಲಿ ಗಂಟು ಮಲ್ಲಿಗೆ ಮೊಗ್ಗಿನ ಹಾಗೆ ಕೂತಿತ್ತು, ದಾರದ ತುದಿ ಬೀಸಣಿಗೆಯಾಗಿತ್ತು.

ಒಸೋಲಾ ಮೇಜಿನ ಡ್ರಾಯರ್‌ನಿಂದ ನೆಲಮಾಳಿಗೆಯ ಮೊಹರನ್ನು ತೆಗೆದು ಅದರ ಪಕ್ಕದಲ್ಲಿಟ್ಟರು. ಎರಡೂ ಅವಳಿ ಮಕ್ಕಳು.

ರೇಮೋಂದ್ ಎರಡನ್ನೂ ನೋಡಿದರು. ನಕ್ಕರು. "ಮೋಸ ಮಾಡಿದ್ಯಲ್ಲೇ ಹುಡುಗಿ."

"ಒಂದು ಚಮಚ ತಗೊಂಡಿದ್ರೆ ಸಾಕಿತ್ತಲ್ಲ? ಪೂರ್ತಿ ಯಾಕೆ ಬದಲಾಯಿಸಿದ್ರಿ?"

"ಹಳೇದಕ್ಕೆ ಹೊಸದು ಬೆರೆಸಿಡೋದಾ? ನಾನೇನು ಹಾಲಿಗೆ ನೀರು ಹಾಕೋಳಾ?"

"ಸಿಬಿಲ್ ಅವರನ್ನ ಕೇಳಬಹುದಿತ್ತು."

"ಕೇಳಿದೆ." ರೇಮೋಂದ್ ಧ್ವನಿ ಮೊದಲ ಬಾರಿಗೆ ತಗ್ಗಿತು. "ಎರಡೂ ಒಂದೇ, ರೇಮೋಂದ್, ಒಂದು ಹನಿಯೂ ಬದಲಾಗಿಲ್ಲ ಅಂದ್ರು. ನನ್ನ ಮುಖ ನೋಡಿ ಅಂದ್ರು. ಸರಿ, ಒಂದೇ ಆದ್ರೆ ಬದಲಾಯಿಸಿದ್ರೆ ಏನಂತೆ? ಅವರ ಅಂಗಡೀಲೇ ಕೊಂಡು ತಂದ ಹೊಸದನ್ನ ಅವರ ಬಾಟಲೀಗೆ ಹಾಕಿದೆ. ಬಣ್ಣಕ್ಕೆ ಎರಡು ಹನಿ ಟೀ. ಈಗ ಯಾವ ಬಾಯಲ್ಲಿ ಕಳ್ಳತನ ಅಂತಾರೆ?"

ಮೂರೂವರೆಗೆ ಬಂಧನ ದಾಖಲಾಯಿತು. ಕೈಚೀಲದ ತಪಾಸಣೆಯಲ್ಲಿ ಕೆಮ್ಮಿನ ಔಷಧಿಯ ಒಂದು ಬಾಟಲಿ ಸಿಕ್ಕಿತು. ಮಾಬೇರ್ ಬಿರಡೆಯನ್ನು ಕೂದಲೆಳೆಯಷ್ಟು ಸಡಿಲಿಸಿದ. ಹುಟ್ಟಿದಾಗಿನಿಂದ ಅವನ ಮಾತು ನಿಂತಿದ್ದು ಅದೇ ಮೊದಲು.

"ಹೇಗಿದೆ?" ಎಂದು ಒಸೋಲಾ ಕೇಳಿದರು.

"ಮೇಡಂ..." ಅವನು ಬಿರಡೆ ಹಾಕಿದ. "ನಮ್ಮಮ್ಮ ಚಳಿಗಾಲದಲ್ಲಿ ಆಚೆಯಿಂದ ಬಂದು, ಕೋಟು ಬಿಚ್ಚಿ, ನನ್ನ ತಲೆ ಮೇಲೆ ಹಾಕ್ತಿದ್ಲಲ್ಲ. ಆ ಕೋಟಿನೊಳಗೆ."

ಒಸೋಲಾ ಸ್ವಲ್ಪ ಹೊತ್ತು ಆ ಬಾಟಲಿಯನ್ನು ಕೈಯಲ್ಲಿ ಹಿಡಿದು ಕುಳಿತರು. ಅವರಮ್ಮನಿಗೂ ಒಂದು ಕೋಟು ಇತ್ತು.

"ಒಂದೇ ಒಂದು ಸಲ ಆಸ್ಪತ್ರೆಗೆ ಕರ್ಕೊಂಡು ಹೋಗು," ಎಂದರು ರೇಮೋಂದ್. "ಆಮೇಲೆ ಎಲ್ಲಿ ಬೇಕಾದ್ರೂ ಹಾಕು. ಮಾತು ಕೊಟ್ಟಿದೀನಿ."

"ಆರೋಪಿಯನ್ನ ಸುಮ್ಮನೆ ಊರು ಸುತ್ತಿಸೋಕೆ ಆಗಲ್ಲ ಅಮ್ಮಾ." ಒಸೋಲಾ ಎದ್ದು ಕೋಟು ಹಾಕಿಕೊಂಡರು. "ಆದ್ರೆ ಜಪ್ತಿ ಪಂಚನಾಮೆ ಬಾಕಿಯಿದೆ. ಇದು ಹಳೇ ಬ್ರ್ಯೂನ್ ಹೌದೋ ಅಲ್ಲವೋ ಅಂತ ಯಾರಾದ್ರೂ ಗುರುತಿಸಬೇಕು. ನನಗೆ ಮೂಗಿಲ್ಲ, ಮಾಬೇರ್ ಪೊಲೀಸಿನವನು. ಇದನ್ನ ನಲವತ್ತು ವರ್ಷ ಹಚ್ಚಿಕೊಂಡ ಸಾಕ್ಷಿ ಎಲ್ಲಾದ್ರೂ ಇದಾರಾ ಮಾಬೇರ್?"

"ಒಬ್ಬರಿದಾರೆ ಮೇಡಂ. ಆದ್ರೆ ಅವರು ಠಾಣೆಗೆ ಬರೋ ಸ್ಥಿತೀಲಿಲ್ಲ."

"ಹಾಗಾದ್ರೆ ಠಾಣೆನೇ ಅಲ್ಲಿಗೆ ಹೋಗಬೇಕು. ಸಿಬಿಲ್ ಅವರಿಗೂ ಫೋನ್ ಮಾಡು."

ಪೊಲೀಸರ ಕಾಗದ ನೋಡಿದ ಮೇಲೆ ಆಸ್ಪತ್ರೆಯವರು ಎಲ್ಲರ ಮುಖಕ್ಕೂ ಮಾಸ್ಕ್ ಕಟ್ಟಿ ಒಳಗೆ ಬಿಟ್ಟರು. ಸಿಲ್ವಾನ್ ಹಾಸಿಗೆಯಲ್ಲಿ ಹಕ್ಕಿಯಷ್ಟೇ ಉಳಿದಿದ್ದರು. ಕಣ್ಣು ಮುಚ್ಚಿತ್ತು. ರೇಮೋಂದ್ ಬಿರಡೆ ತೆಗೆದು, ಬೆರಳಿನ ತುದಿಯಿಂದ ಎಡ ಕಿವಿಯ ಹಿಂದೆ ಒಂದು ಹನಿ, ಬಲ ಕಿವಿಯ ಹಿಂದೆ ಒಂದು ಹನಿ ಮುಟ್ಟಿಸಿದರು.

ಮಾಸ್ಕನ್ನು ಲೆಕ್ಕಿಸದೆ ಪರಿಮಳ ಕೋಣೆಯ ಉದ್ದಗಲಕ್ಕೂ ನಡೆಯಿತು. ಓಣಿಯ ಕೊನೆಯ ಕೋಣೆಯಲ್ಲಿ ಎರಡು ತಿಂಗಳಿಂದ ಮಾತಾಡದ ಮುದುಕನೊಬ್ಬ ಎದ್ದು ಕುಳಿತು ನನ್ನ ಶೂ ಎಲ್ಲಿ ಎಂದು ಕೇಳಿದನಂತೆ.

ಸಿಲ್ವಾನ್ ಕಣ್ಣು ತೆರೆಯಲಿಲ್ಲ. ಮೂಗು ಅರಳಿತು.

"ನಾನೇ," ಎಂದರು. "ಇದು ನಾನೇ ಕಣೇ."

"ಹೂಂ ಕಣೇ. ನೀನೇ."

"ಮೊಹರು ಬಿಚ್ಚಿ ತಂದ್ಯಾ? ವಾಪಸ್ ಸರಿಯಾಗಿ ಕಟ್ದ್ಯಾ?"

"ಸರಿಯಾಗಿ ಕಟ್ಟಿದ್ದಕ್ಕೇ ಸಿಕ್ಕಿಬಿದ್ದೆ."

ಸಿಲ್ವಾನ್ ನಗುವುದಕ್ಕೆ ಎದೆಯಲ್ಲಿ ಗಾಳಿ ಸಾಲಲಿಲ್ಲ. ಭುಜ ಮಾತ್ರ ಕುಣಿಯಿತು.

ಬಾಗಿಲ ಹತ್ತಿರ ನಿಂತಿದ್ದ ಸಿಬಿಲ್ ಮಾಸ್ಕನ್ನು ಕೆಳಗೆ ಎಳೆದುಕೊಂಡು ಒಮ್ಮೆ ಉಸಿರೆಳೆದರು. ಚಿಕ್ಕಂದಿನಲ್ಲಿ ಅಜ್ಜನ ಕೋಣೆಗೆ ಓಡಿಹೋಗುತ್ತಿದ್ದ ಹುಡುಗಿಯ ಮುಖ ಅಲ್ಲಿ ಒಂದು ಕ್ಷಣ ಕಂಡಿತು. ಆಮೇಲೆ ಕೈ ಚಾಚಿದರು. "ಆ ಹಾಳೆ ಕೊಡಿ ಇನ್ಸ್‌ಪೆಕ್ಟರ್."

ಖಾಲಿ ಬಿಟ್ಟಿದ್ದ ಕಾಲಂನಲ್ಲಿ ಬರೆದರು: ಹಳೆಯದು ಬೇರೆ, ಹೊಸದು ಬೇರೆ. ಸಹಿ ಹಾಕಿದರು. ಆ ಸಹಿಯಿಂದ ರೇಮೋಂದ್ ಮೇಲಿನ ಆರೋಪ ಕಾನೂನಿನ ಪ್ರಕಾರ ಗಟ್ಟಿಯಾಯಿತು. ರೇಮೋಂದ್ ಅದನ್ನು ಓದಿ, "ಈಗ ಸರಿ," ಎಂದು ತಲೆಯಾಡಿಸಿದರು.

ಜಪ್ತಿಯಾದ ಮಾಲನ್ನು ಸ್ಥಳದಲ್ಲೇ ಮೊಹರು ಮಾಡಬೇಕು. ಮಾಬೇರ್ ಸರ್ಕಾರಿ ದಾರ ತೆಗೆದು ಬಾಟಲಿಯ ಕೊರಳಿಗೆ ಸುತ್ತತೊಡಗಿದ. ರೇಮೋಂದ್ ಒಂದು ಸುತ್ತು ನೋಡಿದರು. ಎರಡನೇ ಸುತ್ತಿಗೆ ತಡೆಯಲಾಗಲಿಲ್ಲ.

"ತೆಗಿ ಕೈ. ಎಮ್ಮೆ ಕಟ್ತಿದೀಯೇನೋ?"

ಪ್ರಕರಣದ ಮೊಹರನ್ನು ಆರೋಪಿಯೇ ಕಟ್ಟಿದ್ದು, ದಾರದ ತುದಿಯನ್ನು ಬಾಚಿದ್ದು, ಕಡತದಲ್ಲಿ ಎಲ್ಲೂ ಬಂದಿಲ್ಲ. ಪಂಚನಾಮೆಯಲ್ಲಿ ಇರುವುದು ಇಷ್ಟು: ಗುರುತಿಸುವಾಗ ಖರ್ಚಾದದ್ದು, ಎರಡು ಹನಿ. ಅಪರಾಧಕ್ಕೆ ಕಾರಣ ಎಂಬಲ್ಲಿ ಮಾಬೇರ್ ಮೊದಲು "ಗೆಳತಿಗೆ ಕೊಟ್ಟ ಮಾತು" ಎಂದು ಬರೆದಿದ್ದ. ಒಸೋಲಾ ಅದನ್ನು ಹೊಡೆದುಹಾಕಲಿಲ್ಲ. ಕೆಳಗೆ ತಮ್ಮ ಕೈಯಲ್ಲಿ ಇನ್ನೊಂದು ಸಾಲು ಸೇರಿಸಿದರು: ಎರಡೂ ಒಂದೇ ಎಂದು ಹೇಳಿಸಿಕೊಂಡದ್ದು.