ಘರ್ಘರನ ಗುಹೆಯ ಗುಂಡಿಪೆಟ್ಟಿಗೆ

ರಾಜಕುಮಾರನೊಬ್ಬ ಕತ್ತಿ ಎತ್ತಲಿಲ್ಲ, ಬಾಣ ಹೂಡಲಿಲ್ಲ. ಕೂತಲ್ಲೇ ಕೂತು ಗುಂಡಿ ತಿರುಗಿಸಿದ, ಅಷ್ಟೇ. ಬಾಗಿಲಲ್ಲಿ ನಿಂತಿದ್ದ ಮಾಂತ್ರಿಕ ಬೂದಿಯಾದ. ಏನು ನಡೆದಿರಬಹುದು, ಹೇಳಿ ನೋಡೋಣ! ಗುಂಡಿಗೆ ಮಂತ್ರ ಹಾಕಿತ್ತೆ? ಇಲ್ಲ. ಮಾಂತ್ರಿಕನ ಪ್ರಾಣ ಗುಂಡಿಯೊಳಗಿತ್ತೆ? ಅದೂ ಅಲ್ಲ ಸ್ವಾಮಿ. ಸೋತಿರಾ? ಹಾಗಾದರೆ ಕೇಳಿ.

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ ನಿನಾದಪುರಿ ಅಂತ ಒಂದು ರಾಜ್ಯ. ಅಲ್ಲಿನ ರಾಜಕುಮಾರ ಚಪಲಕೇತು ಹೆಸರಿಗೆ ತಕ್ಕವನು. ಕೂತರೆ ಏಳಬೇಕು, ಎದ್ದರೆ ಓಡಬೇಕು. ಅವನ ತಂಗಿ ಸುವಾಣಿಯ ದನಿಯೆಂದರೆ ಊರಿಗೆಲ್ಲ ಪ್ರಾಣ. ಆ ದನಿಯನ್ನೇ ಘರ್ಘರನೆಂಬ ಮಾಂತ್ರಿಕ ಕದ್ದ. ಕದ್ದು, ಕಂದು ಬಣ್ಣದ ಉದ್ದನೆಯ ಪಟ್ಟಿಯಲ್ಲಿ ಹಿಡಿದು, ತನ್ನ ಗುಹೆಯ ರಾಟೆಗೆ ಸುತ್ತಿಟ್ಟ. ಸಾಲದ್ದಕ್ಕೆ ತನ್ನವೇ ಮೂರು ದನಿಗಳನ್ನು, ಆನೆಯದು, ಕತ್ತೆಯದು, ಹಾವಿನದು, ಅದರೊಳಗೆ ಬೆರೆಸಿಬಿಟ್ಟ.

ಅಣ್ಣ ತಂಗಿ ಗುಹೆಗೆ ಓಡೋಡಿ ಬಂದರು.

"ಬಾರಯ್ಯಾ" ಅಂದ ಘರ್ಘರ. "ರಾಟೆ ಒಂದೇ ಸಲ ಓಡುತ್ತದೆ. ಪಟ್ಟಿ ಮುಗಿಯುವುದರೊಳಗೆ ನನ್ನ ಮೃಗಗಳನ್ನು ಹೊರಗೆ ಹಾಕಿದರೆ ಇವಳ ದನಿ ಇವಳಿಗೆ. ಇಲ್ಲವೋ, ದನಿ ಗಾಳಿಪಾಲು. ಇವಳು ಸಾಯುವತನಕ ಮೂಗಿ."

ಗುಹೆಯ ಗೋಡೆಗೆಲ್ಲ ಕಂಬಳಿ ಹೊದಿಸಿತ್ತು. ಎದುರಿಗೆ ಎಡಕ್ಕೊಂದು, ಬಲಕ್ಕೊಂದು ಹಿತ್ತಾಳೆ ಕಹಳೆ. ನಡುವೆ ಕಬ್ಬಿಣದ ಪೆಟ್ಟಿಗೆ. ಅದರ ಅಂಚಿನಲ್ಲಿ ದನಿಯನ್ನು ಒಳಗೆ ಬಿಡುವ ಒಂದು ಕೀಲು, ದನಿ ಒಳಗಿದ್ದಷ್ಟು ಹೊತ್ತೂ ಉರಿಯುವ ಪುಟ್ಟ ದೀಪ; ಮೈಮೇಲೆ ಎರಡು ಸಾಲು ಗುಂಡಿ. ಮೇಲಿನ ಸಾಲು ಎಡಗಹಳೆಗೆ, ಕೆಳಗಿನದು ಬಲಗಹಳೆಗೆ. ಎಡತುದಿಯ ಗುಂಡಿ ದಪ್ಪದನಿಯನ್ನು ಏರಿಸಿ ಇಳಿಸುತ್ತದೆ, ಬಲತುದಿಯದು ಕೀರಲು ದನಿಯನ್ನು, ನಡುವಿನವೆಲ್ಲ ನಡುದನಿಯನ್ನು. (ಈಗಿನ ಸ್ಟುಡಿಯೋದವರು ಇದಕ್ಕೆ ಈಕ್ವಲೈಜರ್ ಅಂತ ಹೆಸರಿಟ್ಟು, ತಾವೇ ಕಂಡುಹಿಡಿದ ಹಾಗೆ ಬೀಗುತ್ತಾರೆ. ಇರಲಿ ಬಿಡಿ.) ಪೆಟ್ಟಿಗೆ ಕಾಯಲೆಂದು ಘರ್ಘರ ಸೆರೆಯಲ್ಲಿಟ್ಟಿದ್ದ ಸೊಲ್ಲಜ್ಜಿ ಪಕ್ಕದಲ್ಲೇ ಕೂತು ಎಲೆಯಡಿಕೆ ಜಗಿಯುತ್ತಿದ್ದಳು.

ರಾಟೆ ತಿರುಗಿತು. ಕಹಳೆಗಳಲ್ಲಿ ಸುವಾಣಿಯ ದನಿ ಹೊರಟಿತು. ಅದರಡಿಯಲ್ಲೇ ಆನೆ ಗುಡುಗಿತು. ಚಪಲಕೇತು ಮೇಲಿನ ಸಾಲಿನ ದಪ್ಪದನಿಯ ಗುಂಡಿಯನ್ನು ಸರ್ರನೆ ಇಳಿಸಿದ. ಆನೆ ಎಡಗಹಳೆ ಬಿಟ್ಟು ಬಲಗಹಳೆಗೆ ಹಾರಿತು!

"ಒಂದೇ ಕಣ್ಣಿಗೆ ಕಾಡಿಗೆ ಹಚ್ಚುತ್ತಾರೇನಪ್ಪಾ?" ಅಂದಳು ಸೊಲ್ಲಜ್ಜಿ. "ಎರಡೂ ಕೈ ಹಾಕು. ಒಂದೇ ಅಳತೆ."

ಎರಡೂ ಗುಂಡಿ ಜೊತೆಜೊತೆಗೆ ಇಳಿದವು. ಆನೆ ಕಹಳೆಯಿಂದ ಧುಮುಕಿತು. ಬೇರೆ ನೆಲೆಯಿಲ್ಲದೆ ತನ್ನೊಡೆಯ ಘರ್ಘರನ ಗಂಟಲಿಗೇ ಮರಳಿ ನುಗ್ಗಿತು. ಅವನು ಕೆಮ್ಮಿದ.

ಎರಡನೆಯದು ಕತ್ತೆ. ನಡುದನಿಯಲ್ಲಿ ಎಲ್ಲೋ ಅಡಗಿದೆ, ಆದರೆ ಯಾವ ಗುಂಡಿಯ ಹಿಂದೆ? ಇದನ್ನು ಇಳಿಸಿದ, ಅದನ್ನು ಇಳಿಸಿದ; ಸುವಾಣಿಯ ದನಿಯೇ ಕುಗ್ಗಿತು. ರಾಟೆ ಓಡುತ್ತಲೇ ಇದೆ.

"ಅಜ್ಜೀ, ಬೇಗ ಹೇಳಬಾರದೆ!"

"ಎಲ್ಲರ ಬಾಯಿ ಮುಚ್ಚಿಸಿದರೆ ಕಳ್ಳ ಸಿಗುತ್ತಾನೇನೋ? ಒಂದೊಂದೇ ಜೋಡಿ ಏರಿಸು. ಮರ್ಯಾದೆ ಕೊಟ್ಟರೆ ಕತ್ತೆ ತಾನಾಗಿ ಅರಚುತ್ತದೆ."

ಏರಿಸಿದ. ಮೊದಲ ಜೋಡಿ ಸುಮ್ಮನಿತ್ತು. ಮುಂದಿನದನ್ನು ಏರಿಸಿದ್ದೇ ತಡ, ಕಿವಿ ಹರಿಯುವಂತೆ ಅರಚಾಟ! ಸಿಕ್ಕಿಬಿತ್ತು. ಅಲ್ಲೇ ಕೆಳಕ್ಕೆ ಅದುಮಿದ. ಕತ್ತೆಯೂ ಮಾಂತ್ರಿಕನ ಗಂಟಲು ಸೇರಿತು. ರಾಜಕುಮಾರ ಕುಣಿದಾಡಿದ.

ಉಳಿದದ್ದು ಹಾವು. ಮಾತಿನ ಅಂಚಂಚಿನಲ್ಲೂ ಬುಸ್ಸೆನ್ನುತ್ತಿತ್ತು. ಚಪಲಕೇತು ಬಲತುದಿಯ ಜೋಡಿಗುಂಡಿ ಇಳಿಸಿದ. ಬುಸುಬುಸು ಕಡಿಮೆಯಾಯಿತು. ಮತ್ತೂ ಇಳಿಸಿದ; ಮತ್ತೂ ಕಡಿಮೆ. ಪೂರಾ ಇಳಿಸಿ ಬೆವರೊರೆಸಿಕೊಂಡ.

"ಆಹಾ, ಜೇನು! ಹೋಯಿತು ಹಾವು!"

ಬಾಗಿಲಲ್ಲಿ ಘರ್ಘರ ಹೊಟ್ಟೆ ಹಿಡಿದುಕೊಂಡು ನಕ್ಕ. ಸುವಾಣಿ ಅಣ್ಣನ ತಲೆಗೆ ಫಟ್ಟನೆ ಮೊಟಕಿ, ಪೆಟ್ಟಿಗೆಯ ಅಂಚಿಗೆ ಬೊಟ್ಟು ಮಾಡಿದಳು. ಅಲ್ಲಿನ ಪುಟ್ಟ ದೀಪ ಆರಿತ್ತು. ಅಣ್ಣ ಕುಣಿಯುತ್ತಿದ್ದಾಗ ಘರ್ಘರ ಕಳ್ಳಹೆಜ್ಜೆಯಲ್ಲಿ ಬಂದು ಕೀಲು ತಿರುವಿ ಹೋಗಿದ್ದ. ಆಮೇಲೆ ದನಿ ಪೆಟ್ಟಿಗೆಯೊಳಗೆ ಬಾರದೆ ಪಕ್ಕದಿಂದಲೇ ಹಾದುಹೋಗುತ್ತಿತ್ತು.

"ಇಷ್ಟು ಹೊತ್ತು ತಿರುಗಿಸಿದ್ದು ಬರೀ ಗುಂಡಿ ಕಣಪ್ಪಾ," ಅಂದಳು ಸೊಲ್ಲಜ್ಜಿ. "ಹಾವು ಇದ್ದಲ್ಲೇ ಇದೆ. ಜೇನು ಅಂದದ್ದು ನಿನ್ನ ಆಸೆ."

ರಾಟೆಯಲ್ಲಿ ಇನ್ನು ಕೆಲವೇ ಸುತ್ತು. ಚಪಲಕೇತು ಕೀಲನ್ನು ಮತ್ತೆ ತಿರುವಿದ; ದೀಪ ಹತ್ತಿತು. ಹತ್ತಿದ್ದೇ, ಹಾವಿನ ಜೊತೆಗೆ ತಂಗಿಯ ದನಿಯೂ ಮಂಕಾಯಿತು, ಬಾಯಿಗೆ ಕಂಬಳಿ ಅಡ್ಡ ಹಿಡಿದ ಹಾಗೆ. ಅಷ್ಟು ಇಳಿಸಿಬಿಟ್ಟಿದ್ದ! ಎಷ್ಟು ಏರಿಸಬೇಕು? ತನ್ನ ಕಿವಿಯನ್ನೇ ಈಗ ನಂಬಲಾರ.

"ತಂಗೀ, ನಿನ್ನ ದನಿ ನಿನಗೆ ಗೊತ್ತು. ನೀನೇ ನನ್ನ ಕೈ ಹಿಡಿದು ತಿರುಗಿಸು."

ಸುವಾಣಿ ಅವನ ಎರಡೂ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದಳು. ಕೂದಲೆಳೆಯಷ್ಟು ಏರಿಸಿದಳು. ಇನ್ನೊಂದೆಳೆ. ಅಲ್ಲಿಗೆ ನಿಲ್ಲಿಸಿದಳು. ದನಿಗೆ ಮೊನೆ ಬಂತು, ಜೊತೆಗೆ ಒಂದು ಸಣ್ಣ ಸಿಳ್ಳೆಯೂ.

"ಅದು ಹಾವಲ್ಲವೇನೇ? ಇಳಿಸಲಾ?"

ಅವಳು ಬೇಡವೆಂದು ತಲೆಯಾಡಿಸಿ ನಕ್ಕು, ಮುಂದಿನ ಹಲ್ಲುಗಳ ನಡುವಿನ ಸಂದಿ ತೋರಿಸಿದಳು. ಸಿಳ್ಳೆ ಅವಳದೇ! ಎಲ್ಲವನ್ನೂ ಸೋಸಿ ತೆಗೆಯಲು ಹೊರಟಿದ್ದ ಚಪಲಕೇತು ಗುಂಡಿಗಳಿಂದ ಕೈ ತೆಗೆದ.

ಸುವಾಣಿಯದು ಯಾವುದು, ತನ್ನದು ಯಾವುದು ಅಂತ ಬೇರೆಯಾದ ಮೇಲೆ ಅಡಗಲು ಎಡೆಯಿಲ್ಲದೆ ಹಾವು ಹೊರಗೆ ಚಿಮ್ಮಿ ಘರ್ಘರನ ಗಂಟಲಿಗೇ ನುಗ್ಗಿತು. ಮೂರು ಮೃಗ, ಒಂದೇ ಗಂಟಲು: ಘರ್ಘರ ಗುಡುಗಿದ, ಅರಚಿದ, ಬುಸುಗುಟ್ಟಿದ, ಒಡೆದು ಬೂದಿಯಾದ. ಪಟ್ಟಿಯ ಕೊನೆ ಪಟಪಟನೆ ಬಡಿಯಿತು.

"ಸಾಕು ಸರಿಯೋ ಅಣ್ಣಾ," ಅಂದಳು ಸುವಾಣಿ, ಮಾತುಮಾತಿಗೂ ಸಿಳ್ಳೆಯೊಡನೆ. "ಸಂದಿಹಲ್ಲನ್ನೂ ಸೋಸಲು ಬಂದವನ ಮುಖ ನೋಡು!"

ಬಿಡುಗಡೆಯಾದ ಸೊಲ್ಲಜ್ಜಿ ಅವರ ಜೊತೆ ಅರಮನೆಗೆ ನಡೆದಳು. ನಿನಾದಪುರಿಯಲ್ಲಿ ಎಲ್ಲರೂ ಬಾಯಿತುಂಬ ಮಾತಾಡಿಕೊಂಡು ಸುಖವಾಗಿದ್ದರು. ಇದೆಲ್ಲ ನಡೆದದ್ದು ಯಾವತ್ತು ಅಂದಿರಾ? ಕಾರ್ತಿಕ ಬಹುಳ ತದಿಗೆ, ಬುಧವಾರ.