ಒದ್ದೆ ಬಟ್ಟೆಯ ಆಣೆ

ಕುರಿ ಹಿಂಡು ಸೇತುವೆಯ ದಾರಿ ಬಿಟ್ಟು ಬ್ರಾಂದಿ ಅಂಗಡಿಯ ದಾರಿ ಹಿಡಿದದ್ದನ್ನು ಕಂಡು ಮಾಳಮ್ಮನ ಎದೆ ಧಸಕ್ಕೆಂದಿತು. ಹಿಂಡಿನ ಹಿಂದೆ ಕಂಬಳಿ ಹೆಗಲಿಗೇರಿಸಿ ನಡೆಯುತ್ತಿದ್ದವನು ಬೇರೆ ಯಾರೂ ಅಲ್ಲ, ಅವಳ ಸೋದರತ್ತೆಯ ಮಗ ದೇವಿಂದ್ರಪ್ಪ. ಬರುವ ಶ್ರಾವಣದಲ್ಲಿ ಅವಳನ್ನು ಮದುವೆಯಾಗಬೇಕಾದ ಗಂಡು. ಶಹಾಪುರದ ಕುಡಿತ ಬಿಡಿಸುವ ಕೇಂದ್ರದಿಂದ ಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ.

ಕಾಲುವೆ ದಾಟಿದರೆ ಅವನ ಹಟ್ಟಿ ಕೂಗಿದರೆ ಕೇಳುವಷ್ಟು ಹತ್ತಿರ. ಸುತ್ತು ಹಾಕಿದರೆ ಗಂಟೆಯ ದಾರಿ. ದಣಿದ ಕುರಿಗಳನ್ನು ಹಾಗೆ ಸುತ್ತಿಸುವ ಕುರುಬ ಎಲ್ಲಾದರೂ ಇದ್ದಾನೆಯೇ? ಮಾಳಮ್ಮ ಹತ್ತಿ ಹೊಲದ ಕಳೆ ಅಲ್ಲೇ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಡ್ಡದಾರಿಯಲ್ಲಿ ಓಡಿ ಅವನೆದುರು ನಿಂತಳು.

"ಬಾಯಿ ತೆಗಿ."

"ಯಾಕ?"

"ಮೂಸಿ ನೋಡ್ತೀನಿ."

ದೇವಿಂದ್ರಪ್ಪ ತುಟಿಯಂಚಿನಲ್ಲೇ ನಕ್ಕ. "ಅಷ್ಟು ಹತ್ರ ಬಂದ್ರ ಊರು ಏನಂತದ ಮಾಳಿ?"

"ಊರಿಗಿ ಅನ್ನೋದು ಬಿಟ್ಟು ಬ್ಯಾರೆ ಏನು ಕೆಲಸದ? ತೆಗಿ ಅಂದ್ರ ತೆಗಿ!"

ಅವನು ಬಾಯಿ ತೆರೆದ. ಉಳ್ಳಾಗಡ್ಡಿ, ಜೋಳದ ರೊಟ್ಟಿ, ಮೈಗಂಟಿದ ಉಣ್ಣೆಯ ವಾಸನೆ. ಅಷ್ಟೇ. ಆದರೂ ಮಾಳಮ್ಮ ತಕ್ಷಣ ಹಿಂದೆ ಸರಿಯಲಿಲ್ಲ. ಅವನ ರೆಪ್ಪೆಗಳ ಮೇಲೆ ಕೆಂಧೂಳು ಕೂತಿತ್ತು. ಅದನ್ನು ಒರೆಸಬೇಕೆನ್ನಿಸಿ ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು. ಅಷ್ಟರಲ್ಲಿ ಒಂದು ಟಗರು ಇಬ್ಬರ ನಡುವೆ ನುಗ್ಗಿತು.

"ಇದಕ್ಕೂ ಹೊಟ್ಟಿಕಿಚ್ಚು ನೋಡು," ಎಂದ ದೇವಿಂದ್ರಪ್ಪ.

"ಮಾತು ಹಾರಸಬ್ಯಾಡ. ಕಾಲುವಿ ಒಣಗೇತಿ, ನೀರು ಇನ್ನಾ ಬಿಟ್ಟಿಲ್ಲ. ಸೇತುವಿ ಮ್ಯಾಲ ಹಾದು ಬಂದ್ರ ಏನಾಗ್ತದ ನಿನಗ?"

ನಗು ಅವನ ಮುಖದಿಂದ ಆರಿಹೋಯಿತು. "ಸೋಮವಾರ ಬಿಡ್ತಾರಂತ," ಎಂದಷ್ಟೇ ಹೇಳಿ ಕುರಿಗಳಿಗೆ ಹೋ ಎಂದ. ಕಾಲುವೆಯ ಕಡೆ ಅವನು ತಿರುಗಿಯೂ ನೋಡದ್ದನ್ನು ಮಾಳಮ್ಮ ಕಂಡಳು.

ಸೋಮವಾರ! ಆ ದಿನವನ್ನು ಗೊತ್ತು ಮಾಡಿದ್ದವನು ಅವಳಪ್ಪ ಅಮೋಘಸಿದ್ದ. ಅವರ ಕುಲದಲ್ಲಿ ಕುಡಿತ ಬಿಟ್ಟವನು ಹರಿಯುವ ನೀರಿನಲ್ಲಿ ಮೂರು ಸಲ ಮುಳುಗಿ, ಒದ್ದೆ ಬಟ್ಟೆಯಲ್ಲೇ ದೇವರ ಭಂಡಾರ, ಅಂದರೆ ಅರಿಶಿನದ ಪುಡಿ, ಮುಟ್ಟಿ, ಹಿರಿಯರೆದುರು ಆಣೆ ಮಾಡಬೇಕು. ಅದಾದ ಮೇಲೆಯೇ ಅವನ ಮಾತಿಗೆ ಬೆಲೆ. ಮೊದಲೆಲ್ಲ ಹಳ್ಳಕ್ಕೆ ಹೋಗುತ್ತಿದ್ದರಂತೆ. ಕಾಲುವೆ ಬಂದ ಮೇಲೆ ಕಾಲುವೆಯೇ ಹಳ್ಳ. "ಆಣಿ ಮಾಡಿದ್ರ ಮದುವಿ, ಇಲ್ಲಂದ್ರ ಇಲ್ಲ," ಎಂದು ಅಮೋಘಸಿದ್ದ ಹೇಳಿಬಿಟ್ಟಿದ್ದ.

ಗುರುವಾರ ಕೇಂದ್ರದಲ್ಲಿ ಮನೆಯವರ ಮೀಟಿಂಗ್ ಇತ್ತು. ಮಾಳಮ್ಮ ಹೋದಳು. ಅಲ್ಲಿ ಕೌನ್ಸೆಲರ್ ದಾವಲಬೀ, ನಡುವಯಸ್ಸಿನ ಹೆಂಗಸು, ಬಾಗಿಲು ಪೂರಾ ತೆರೆದಿಟ್ಟುಕೊಂಡೇ ಮಾತಾಡುವವಳು.

"ಆಣಿ ಅಂದ್ರ ಎಲ್ಲಿ ಮಾಡಸ್ತಾರವ್ವ?" ಮಾಳಮ್ಮ ಸೋಮವಾರದ ಮಾತು ತೆಗೆದಾಗ ದಾವಲಬೀ ಕೇಳಿದಳು.

"ಕಾಲುವಿ ನೀರಾಗ್ರಿ ಅಕ್ಕಾರ."

ಚಹಾದ ಕಪ್ಪು ಕೆಳಗಿಟ್ಟು ದಾವಲಬೀ ಕುರ್ಚಿಯನ್ನು ಮಾಳಮ್ಮನ ಹತ್ತಿರ ಎಳೆದುಕೊಂಡಳು.

"ಏನ್ರಿ? ಏನಾಗ್ಯಾದ ಅವನಿಗಿ?"

"ಅವ ಹೇಳಿದ್ದು ಅವಂದು. ನಾ ಹೇಳಿದ್ರ ಅವ ಮತ್ತ ಯಾರನ್ನೂ ನಂಬಂಗಿಲ್ಲ. ಯಾಕ ಕುಡಿತಿ ಅಂತ ಊರೆಲ್ಲ ಕೇಳ್ಯಾದ. ನಿನಗ ಏನಾಗಿತ್ತಪ್ಪ ಅಂತ ಯಾರರ ಕೇಳ್ಯಾರೇನು?"

ಮಾಳಮ್ಮ ತಲೆ ತಗ್ಗಿಸಿದಳು. ಅವಳೂ ಕೇಳಿರಲಿಲ್ಲ. ಬಾಯಿ ಮೂಸಿದ್ದಳು, ಅಷ್ಟೇ.

"ಕೆದಕಬ್ಯಾಡ. ಹಿಂದಿಂದ ಬಂದು ಮುಟ್ಟಬ್ಯಾಡ. ಏನು ಮಾಡೋದಿದ್ರೂ ಅವನ್ನ ಕೇಳಿ ಮಾಡು. ಅವಗ ಬ್ಯಾಡ ಅನ್ನೋ ಹಕ್ಕು ಅದ ಅಂತ ಗೊತ್ತಾಗ್ಲಿ. ಹೆದರಿದವನ್ನ ಹೆದರಿಕಿಯೊಳಗ ದಬ್ಬಿದ್ರ, ಅವ ಬಾಟ್ಲಿಗಿ ಓಡ್ತಾನ. ಇಲ್ಲ ಅದಕ್ಕಿಂತ ದೂರ ಓಡ್ತಾನ."

ಬಸ್ಸಿನಲ್ಲಿ ಕೂತವಳಿಗೆ ಕಿಟಕಿಯಾಚೆ ಗುಡ್ಡ ಕಾಣಲಿಲ್ಲ, ಊರು ಕಾಣಲಿಲ್ಲ. ಅದಕ್ಕಿಂತ ದೂರ ಎಂದರೆ ಎಲ್ಲಿಗೆ? ಕೇಳುವ ಧೈರ್ಯ ಅವಳಿಗೆ ಆಗಿರಲಿಲ್ಲ.

ಭಾನುವಾರ ಸಂಜೆ ಅವಳು ಅವನ ಹಟ್ಟಿಗೆ ಬುತ್ತಿ ತಂದಳು. ದೂರದಿಂದಲೇ ಕೂಗಿ ಹೇಳಿ, ಎದುರಿನಿಂದ ಬಂದಳು. ಬೇವಿನ ಕೆಳಗೆ ಅವನು ಒಂದು ಮರಿಯ ಕಾಲಿನಿಂದ ಜಾಲಿಮುಳ್ಳು ತೆಗೆಯುತ್ತಿದ್ದ. ಆ ಒರಟು ಬೆರಳುಗಳು ಅಷ್ಟು ಮೆತ್ತಗೆ ಕೆಲಸ ಮಾಡುವುದನ್ನು ನೋಡುತ್ತ ಅವಳು ಸುಮ್ಮನೆ ಕೂತಳು.

"ಏನಾ ಹಂಗ ನೋಡಾಕತ್ತಿ?"

"ನನ್ನ ಕಾಲಿಗಿ ಯಾವಾಗ ಮುಳ್ಳು ಚುಚ್ಚತೈತೋ ಅಂತ."

ಅವನು ನಕ್ಕ. ಆಮೇಲೆ ಮರಿಯನ್ನು ಬಿಡದೆ, ತಲೆ ಎತ್ತದೆ, ತಾನಾಗಿಯೇ ಹೇಳತೊಡಗಿದ.

"ನಮ್ಮಣ್ಣ ಪರಮಣ್ಣ ಕಾಲುವಿಗಿ ಬಿದ್ದ ಮರಿ ತೆಗಿಲಾಕ ಹೋಗಿ ತಾನ ಹೋದ. ಅದು ನಿನಗ ಗೊತ್ತದ. ಮರುದಿನ ನೀರು ಇಳಿಸಿದ್ರು. ರಸ್ತಿ ಕೆಳಗಿನ ಪೈಪಿನಾಗ ಸಿಕ್ಕಿದ್ದ. ದೊಡ್ಡವರು ಒಳಗ ಹಿಡಿಸಲಿಲ್ಲ. ನಾ ಸಣ್ಣಾವ. ನನ್ನ ಸೊಂಟಕ್ಕ ಹಗ್ಗ ಕಟ್ಟಿ ಇಳಸಿದ್ರು. ಹೋಗಿ ಅವನ ಕೈಗಿ ಹಗ್ಗ ಕಟ್ಟು ಅಂದ್ರು."

ಬಿಚ್ಚುತ್ತಿದ್ದ ಬುತ್ತಿಯ ಗಂಟನ್ನು ಮಾಳಮ್ಮ ಪಕ್ಕಕ್ಕಿಟ್ಟಳು.

"ಒಲ್ಲೆ ಅಂತ ಅತ್ತೆ. ಆಗ ಒಂದು ಗ್ಲಾಸು ತುಂಬ ಸೆರಿ ಕುಡಿಸಿದ್ರು. ಕುಡಿ, ಹೆದರಿಕಿ ಹೋಗ್ತದ ಅಂದ್ರು. ಹೋತು ಮಾಳಿ, ಖರೇನ ಹೋತು. ಅವತ್ತಿಂದ ಹೆದರಿಕಿ ಬಂದಾಗೆಲ್ಲ ಅದ ಔಷಧ ಅಂತ ತಿಳಕೊಂಡೆ."

"ಯಾರು ಕುಡಿಸಿದ್ರು?"

ಕೇಳಬಾರದಿತ್ತು. ಕೇಳಿಬಿಟ್ಟಿದ್ದಳು. ಅವನು ಮರಿಯನ್ನು ಕೆಳಗಿಟ್ಟ.

"ನಿಮ್ಮಪ್ಪ."

ತಾಯಿ ಕುರಿ ಬಂದು ಮರಿಯನ್ನು ನೆಕ್ಕಿತು. ಮಾಳಮ್ಮ ಅತ್ತಳು. ಅಪ್ಪನ ಮೇಲೆ ಸಿಟ್ಟು, ಇವನ ಮೇಲೆ ಪ್ರೀತಿ, ಎರಡೂ ಒಂದೇ ಸಲ ಉಕ್ಕಿ ಅವಳಿಗೆ ತಾಳಲಾಗಲಿಲ್ಲ.

"ನಾಳಿ ಇಳಿಬ್ಯಾಡ. ನಾ ಹೋಗಿ ಹೇಳ್ಲ್ಯಾ?"

"ಬ್ಯಾಡ. ನಾನ ಹೇಳ್ತೀನಿ. ಬಾಯಿ ಬರದಿದ್ರ ಇಳಿದುಬಿಡ್ತೀನಿ. ಎಲ್ಲಾ ಒಂದ ಸಲಕ್ಕ ಮುಗಿತದ."

ದಾವಲಬೀ ಹೇಳಿದ್ದ ಆ 'ಅದಕ್ಕಿಂತ ದೂರ' ಎಲ್ಲಿ ಎಂಬುದು ಮಾಳಮ್ಮನಿಗೆ ಈಗ ತಿಳಿಯಿತು. ಆ ರಾತ್ರಿ ಅವಳಿಗೆ ಕಣ್ಣು ಹತ್ತಲಿಲ್ಲ.

ಸೋಮವಾರ ಬೆಳಿಗ್ಗೆ ನೀರು ಬಂತು. ಒಣ ಎಲೆ, ಮುಳ್ಳುಕಂಟಿ, ಸತ್ತ ಇಲಿ ಎಲ್ಲವನ್ನೂ ತಳ್ಳಿಕೊಂಡು ಕಂದು ನೀರು ಗದ್ದಲವಿಲ್ಲದೆ ಏರುತ್ತಿತ್ತು. ಏರಿಯ ಮೇಲೆ ಹಿರಿಯರು ಕೂತಿದ್ದರು. ಅಮೋಘಸಿದ್ದ ಭಂಡಾರದ ಬಟ್ಟಲು ಹಿಡಿದು ಕಾಲುವೆಗಿಳಿಯುವ ಮೆಟ್ಟಿಲುಗಳ ಮೇಲ್ತುದಿಯಲ್ಲಿ ನಿಂತಿದ್ದ.

ದೇವಿಂದ್ರಪ್ಪ ಬಂದ. ಬಾಯಿ ತೆರೆದ. ಮಾತು ಹೊರಡಲಿಲ್ಲ.

"ಇಳಿಯಪ್ಪ, ಹೊತ್ತಾತು," ಎಂದ ಒಬ್ಬ ಹಿರಿಯ.

ಅವನು ಇಳಿದ. ಒಂದು ಮೆಟ್ಟಿಲು, ಇನ್ನೊಂದು. ನೀರು ಮೊಣಕಾಲಿಗೆ ಬಂತು. ಅವನ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ನಿಂತಲ್ಲೇ ಮೆಲ್ಲಗೆ ಮುಂದಕ್ಕೆ ವಾಲತೊಡಗಿದ. ಭಕ್ತಿ ಎಂದುಕೊಂಡರು ಏರಿಯ ಮೇಲಿದ್ದವರು. ದೇವರೇ, ಅದು ಭಕ್ತಿಯಾಗಿರಲಿಲ್ಲ!

ಮಾಳಮ್ಮ ಹೆಂಗಸರ ಗುಂಪು ಸೀಳಿಕೊಂಡು ನೀರಿಗಿಳಿದಳು. ಸುತ್ತಿ ಬಂದು ಅವನ ಕಣ್ಣೆದುರು ನಿಂತಳು. ಮುಟ್ಟಲಿಲ್ಲ.

"ನೋಡಿಲ್ಲಿ. ನಾ ಮಾಳಿ. ಇದು ನಮ್ಮೂರು ಸಗರ, ಇವತ್ತು ಸೋಮವಾರ. ನಿನ್ನ ಸೊಂಟಕ್ಕ ಹಗ್ಗ ಇಲ್ಲ. ನಿನಗ ಬ್ಯಾಡಂದ್ರ ಬ್ಯಾಡ. ಮದುವಿ ಆಗ್ಲಿ ಬಿಡ್ಲಿ, ನೀ ಜೀವಂತ ಇರ್ಬೇಕು ನನಗ. ಅಷ್ಟ ಸಾಕು."

ಅವನ ಕಣ್ಣು ಅವಳನ್ನು ಹುಡುಕಿ ಹುಡುಕಿ ಕೊನೆಗೆ ಕಂಡಿತು. ದೊಡ್ಡ ಉಸಿರು ಎಳೆದ. ಮಾವನ ಕಡೆ ತಿರುಗಿದ.

"ಮಾವಾ, ಅವತ್ತು ಕುಡಿ ಅಂದಿ, ಕುಡಿದೆ. ಇಳಿ ಅಂದಿ, ಇಳಿದೆ. ನಮ್ಮಣ್ಣನ ಕೈಗಿ ಹಗ್ಗ ಕಟ್ಟಿ ಬಂದೆ. ಇನ್ನ ನಾ ಇಳಿಯಂಗಿಲ್ಲ."

ಅಮೋಘಸಿದ್ದನ ಮುಖ ಬಿಳಿಚಿತು. ಇಷ್ಟು ವರ್ಷ ಅವನಿಗೆ ಅದು ತಪ್ಪೆಂದು ಅನ್ನಿಸಿರಲೇ ಇಲ್ಲ. ಹುಡುಗನಿಗೆ ಧೈರ್ಯ ತುಂಬಿದೆ ಎಂದೇ ತಿಳಿದಿದ್ದ.

"ಆಣಿ ಇಲ್ಲದ ಹೆಂಗ ನಂಬೋದು? ಪದ್ಧತಿ ಅಂತ ಒಂದದಲ್ಲ," ಎಂದ ಹಿರಿಯ.

"ನೀ ಸುಮ್ಕಿರು," ಎಂದ ಅಮೋಘಸಿದ್ದ. ಬಟ್ಟಲು ಕೆಳಗಿಟ್ಟು, ಧೋತರ ಸಮೇತ ನೀರಿಗಿಳಿದು, ಅಳಿಯನ ಕೆಳಗಿನ ಮೆಟ್ಟಿಲಲ್ಲಿ ನಿಂತ. ಮೂರು ಸಲ ಮುಳುಗಿದ. ಗಡ್ಡದಿಂದ ನೀರು ಸುರಿಯುತ್ತಿರಲು ಹೇಳಿದ: "ಈ ಕೂಸಿಗಿ ಮೊದಲನೇ ಗ್ಲಾಸು ಕೊಟ್ಟಾವ ನಾನು. ಆಣಿ ನನ್ನ ಮ್ಯಾಲ ಇರ್ಲಿ. ಮಗಳ್ನ ಇವನಿಗೇ ಕೊಡ್ತೀನಿ."

ಆಮೇಲೆ ಎಲ್ಲರೂ ಚದುರಿದರು. ದೇವಿಂದ್ರಪ್ಪ, ಮಾಳಮ್ಮ ಕಾಲುವೆಗೆ ಬೆನ್ನು ಹಾಕಿ ತೊಗರಿ ಹೊಲದ ಬದುವಿನ ಮೇಲೆ ಕೂತಿದ್ದರು. ಅವನು ಒದ್ದೆ ಬಟ್ಟೆಯ ಅಂಚು ಹಿಂಡುತ್ತಿದ್ದ.

"ಮಾಳಿ, ಈ ಹೆದರಿಕಿ ಹೋಗಿಲ್ಲ. ಮತ್ತ ಬರ್ತದ. ನಾ ಮತ್ತ ಕುಡಿದ್ರ?"

ಇಲ್ಲ, ನೀನು ಕುಡಿಯುವುದಿಲ್ಲ ಎಂದು ಹೇಳಬಹುದಿತ್ತು. ಅವಳಿಗೆ ಸುಳ್ಳು ಬೇಡವಾಗಿತ್ತು.

"ಕುಡಿದ್ರ ನನಗ ಬಂದು ಹೇಳು. ಹೊಲದಾಗಿದ್ರ ಹೊಲಕ್ಕ ಬಾ. ಇಬ್ರೂ ಶಹಾಪುರದ ಬಸ್ಸು ಹತ್ತೋಣು."

"ಬೈಯಂಗಿಲ್ಲ?"

"ಬೈತೀನಿ. ಬಸ್ಸಿನಾಗ ಕೂತು ಬೈತೀನಿ. ಆದ್ರ ನಿನ್ನ ಬಾಜೂಕ ಕೂತ ಬೈತೀನಿ."