ದೇವಿಕಾಳ ಹೆಸರಿನ ಬಾಟಲಿ

ಮಾರ್ಚ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಕಮಲಾಪುರ ಠಾಣೆಗೆ ಬಂದ ದೂರು ಕೇಳಿ ಹೆಡ್ ಕಾನ್‌ಸ್ಟೆಬಲ್ ಚನ್ನಯ್ಯನಿಗೆ ನಗು ತಡೆಯಲಾಗಲಿಲ್ಲ. ಬೈಕು, ಪಂಪ್‌ಸೆಟ್ಟು, ಬಾಳೆಗೊನೆ ಕಳುವಾದ ದೂರುಗಳನ್ನು ಬರೆದುಕೊಂಡ ಕೈಗೆ ಮೂತ್ರ ಬದಲಾದ ದೂರು ಇದೇ ಮೊದಲು.

"ನಗಬ್ಯಾಡ್ರಿ ಸರ," ಎಂದಳು ದೂರು ತಂದಿದ್ದ ದೇವಿಕಾ. "ಓಣ್ಯಾಗ ನನ್ನ ಕುಡುಕಿ ಅನ್ನಾಕತ್ಯಾರ. ಕೈಗೆ ಬಂದ ಕೆಲಸಾನೂ ಹೋತು."

ಪಿಎಸ್‌ಐ ಯಶೋಧರಾ ಆಕೆಯನ್ನು ಒಳಗೆ ಕರೆದು ಕೂರಿಸಿದರು. ನಿಜ ಹೇಳಬೇಕೆಂದರೆ ಅಂದು ಅವರ ಮನಸ್ಸೂ ನೆಟ್ಟಗಿರಲಿಲ್ಲ. ಜೊತೆಗೆ ತರಬೇತಿ ಪಡೆದ ಗೆಳತಿಗೆ ಇನ್‌ಸ್ಪೆಕ್ಟರ್ ಆಗಿ ಬಡ್ತಿ ಸಿಕ್ಕಿತ್ತು. ಅಭಿನಂದನೆ ಎಂದು ಮೆಸೇಜ್ ಬರೆದು, ಪಕ್ಕದಲ್ಲಿ ಮೂರು ಹೂವಿನ ಚಿತ್ರ ಹಾಕಿ ಕಳಿಸಿ, ಫೋನನ್ನು ಬೋರಲು ಹಾಕಿ ಕುಳಿತಿದ್ದರು.

ದೇವಿಕಾ ಹೇಳಿದ್ದಿಷ್ಟು. ಸಂಡೂರಿನ ಒಂದು ಗಣಿ ಕಂಪನಿಯಲ್ಲಿ ಡಂಪರ್ ಓಡಿಸುವ ಕೆಲಸಕ್ಕೆ ಆಕೆ ಆಯ್ಕೆಯಾಗಿದ್ದಳು. ಬಾಕಿಯಿದ್ದದ್ದು ಹೋದ ಗುರುವಾರದ ವೈದ್ಯಕೀಯ ಪರೀಕ್ಷೆಯೊಂದೇ. ಎದ್ದ ಕೂಡಲೇ ಹೋಗುವ ಮೂತ್ರವನ್ನೇ ತರಬೇಕೆಂದು ಹೊಸಪೇಟೆಯ ಲ್ಯಾಬಿನವರು ಹಿಂದಿನ ದಿನವೇ ಹೆಸರು ಬರೆದ ಬಾಟಲಿ ಕೊಟ್ಟಿದ್ದರು. ಅದನ್ನು ತುಂಬಿ ಹಿತ್ತಲ ಕಟ್ಟೆಯ ಮೇಲಿಟ್ಟು ರೊಟ್ಟಿ ಬಡಿಯಲು ಕೂತಳು. ಆಮೇಲೆ ಗಂಡನ ಬೈಕಿನಲ್ಲಿ ಹೋಗಿ ಬಾಟಲಿ ಕೊಟ್ಟಳು, ರಕ್ತವನ್ನೂ ಕೊಟ್ಟಳು. ಮೂತ್ರದಲ್ಲಿ ಮದ್ಯವಿದೆ ಎಂಬ ವರದಿ ಹೋಯಿತು. ಕಂಪನಿ ಆಕೆಯನ್ನು ಕೈಬಿಟ್ಟಿತು.

"ಯಾರ ಮ್ಯಾಲೆ ಸಂಶಯ?"

ದೇವಿಕಾ ಬಾಯಿ ತೆರೆಯುವ ಮೊದಲೇ ಜೊತೆಗೆ ಬಂದಿದ್ದ ಗಂಡ ಪಂಪೇಶ್ ಹೇಳಿದ: "ಮತ್ಯಾರ್ರೀ ಮೇಡಂ? ನಮ್ಮ ಅತ್ತಿಗಿ ಭರಮಮ್ಮ. ನೆಗೆಣ್ಣಿ ಮುಂದ ಬಂದ್ರ ಆಕಿಗೆ ನಿದ್ದಿ ಬರಂಗಿಲ್ಲ."

ಭರಮಮ್ಮನ ಗಂಡ, ಅಂದರೆ ಪಂಪೇಶನ ಅಣ್ಣ, ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದ, ಮನೆಗೆ ಬರುವುದು ಭಾನುವಾರ ಮಾತ್ರ. ಹಾಗಾಗಿ ಆ ಗುರುವಾರ ಬೆಳಿಗ್ಗೆ ಮನೆಯಲ್ಲಿದ್ದವರು ಗಂಡ, ಹೆಂಡತಿ, ಭರಮಮ್ಮ, ಮೂವರೇ. ವಂಚನೆಯ ಕಲಮಿನಡಿ ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಯಶೋಧರಾ ಲ್ಯಾಬಿಗೆ ಹೋದರು. ತಕರಾರಿನ ಮಾದರಿಯೆಂದು ಬಾಟಲಿಯನ್ನು ಫ್ರಿಜ್ಜಿನಲ್ಲಿ ಎತ್ತಿಟ್ಟಿದ್ದರು. ಇಬ್ಬರು ಪಂಚರ ಎದುರು ಪಂಚನಾಮೆ ಬರೆದು, ಬಾಟಲಿಗೆ ಅರಗಿನ ಮೊಹರು ಹಾಕಿದ್ದಾಯಿತು. ಚನ್ನಯ್ಯ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡಿದ್ದ ರೀತಿಗೆ ಪಂಚರಿಗೂ ನಗು ಬಂತು.

ಲ್ಯಾಬಿನ ಡಾಕ್ಟರ್ ರಮಾ ವರದಿಯನ್ನು ಮುಂದಿಟ್ಟರು. "ಎಲ್ಲಾರೂ ಮದ್ಯದ ಸಾಲು ಓದಿ ಬಿಟ್ರು ಮೇಡಂ. ಇಲ್ನೋಡ್ರಿ, ಮೂತ್ರದಾಗ ಸಕ್ಕರಿ ಭಾಳ ಐತಿ. ಪ್ರೋಟೀನೂ ಸೋರಾಕತ್ತೈತಿ, ಅಂದ್ರ ಕಿಡ್ನಿಗೆ ಪೆಟ್ಟು ಬಿದ್ದೈತಿ. ಆದ್ರ ಅವತ್ತೇ ತೆಗೆದ ದೇವಿಕಾನ ರಕ್ತದಾಗ ಎಲ್ಲಾ ಸರಿ ಐತಿ. ರಕ್ತದ ವರದಿ ಬರೋದ್ರಾಗ ಕಂಪನಿಯವ್ರು ಫೈಲ್ ಮುಚ್ಚಿಬಿಟ್ಟಿದ್ರು."

"ಹಂಗಾರ?"

"ಈ ಮೂತ್ರ ಆಕಿದಲ್ಲ. ಸಕ್ಕರಿ ಕಾಯಿಲೆ ಇದ್ದು ಔಷಧ ತಗೊಳ್ದೇ ಇರೋರ್ದು. ಹಿಂದಿನ ರಾತ್ರಿ ಚೊಲೋತ್ನಂಗ ಕುಡಿದವ್ರದು."

ಯಶೋಧರಾ ಅವರ ತಲೆಯಲ್ಲಿ ಪ್ರಶ್ನೆಯೇ ಬದಲಾಯಿತು. ಬಾಟಲಿಗೆ ಏನು ಬೆರೆಸಿದರು ಎಂದು ಹುಡುಕುವ ಅಗತ್ಯವೇ ಉಳಿಯಲಿಲ್ಲ. ಒಳಗಿದ್ದದ್ದು ಯಾರದು ಎಂದು ತಿಳಿದರೆ ಸಾಕಿತ್ತು.

ಮರುದಿನ ಭರಮಮ್ಮ ಠಾಣೆಗೆ ಬಂದಳು, ಬಾಳೆತೋಟದ ಕೂಲಿ ಬಿಟ್ಟು ಬರಬೇಕಾದ ಸಿಟ್ಟಿನಲ್ಲಿ.

"ದೇವಿಕಾಗ ಕೆಲಸ ಸಿಕ್ಕಿದ್ದು ನಿಮಗ ಖುಷಿ ಆತೇನು?"

"ಇಲ್ರೀ."

"ಯಾಕ?"

"ಹೊಟ್ಟಿ ಉರೀತು. ನಾ ಬಿಸಿಲಾಗ ಗೊನಿ ಹೊರಾಕಿ, ಆಕಿ ಎಸಿ ಗಾಡ್ಯಾಗ ಕುಂದ್ರಾಕಿ. ಉರಿಯಂಗಿಲ್ಲೇನ್ರಿ?"

"ಬಾಟ್ಲಿ ಮುಟ್ಟಿದ್ರೇನು?"

"ಥೂ! ಆಕಿ ಉಚ್ಚಿ ನಾ ಯಾಕ ಮುಟ್ಲಿ?"

ಈ ಹೆಂಗಸು ಸುಳ್ಳು ಹೇಳುತ್ತಿಲ್ಲ ಎಂದು ಯಶೋಧರಾ ಅವರಿಗೆ ಅನ್ನಿಸಿತು. ಹೊಟ್ಟೆ ಉರಿಯಿತು ಎಂದು ಬಾಯಿಬಿಟ್ಟು ಹೇಳುವ ಧೈರ್ಯ ತಮಗಂತೂ ಇರಲಿಲ್ಲ. ಒಳಗೊಳಗೇ ನಾಚಿಕೆಯೂ ಆಯಿತು.

ಬಳಿಕ ಪಂಪೇಶನ ಸರದಿ. ಬಾಡಿಗೆ ಟ್ರ್ಯಾಕ್ಟರ್ ಓಡಿಸುವವನು, ಮಾತಿನಲ್ಲಿ ಚುರುಕು. ಕೂತವನೇ ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ಒಂದೇ ಉಸಿರಿಗೆ ಖಾಲಿ ಮಾಡಿದ.

"ಹೆಂಡ್ತಿಗೆ ಗಾಡಿ ಕಲಿಸಿದ್ಯಾರು?"

"ನಾನರೀ."

"ಗಣಿ ಕೆಲಸಕ್ಕ ನೀವೂ ಅರ್ಜಿ ಹಾಕಿದ್ರೇನು?"

"ಹಾಕಿದ್ದೆ. ಡ್ರೈವಿಂಗ್ ಟೆಸ್ಟ್‌ನ್ಯಾಗ ತೆಗೆದ್ರು. ಆಕಿದಾತಲ್ಲ, ಅಷ್ಟ ಸಾಕು. ಓಣಿಗೆಲ್ಲ ಪೇಡೆ ಹಂಚೀನ್ರಿ, ಎರಡೆರಡು ಸಲ!"

ಯಶೋಧರಾ ಅವರಿಗೆ ತಾವು ಕಳಿಸಿದ್ದ ಮೂರು ಹೂವು ನೆನಪಾದವು. ಒಂದು ಸಾಕಿತ್ತು, ಮೂರು ಹಾಕಿದ್ದರು. ಅಷ್ಟರಲ್ಲಿ ಪಂಪೇಶ್ ಕಿರುಬೆರಳು ತೋರಿಸಿ ಹೊರಗೆ ಹೋಗಿಬಂದ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮತ್ತೆ ಎದ್ದ.

ಮನೆಯ ಮೂವರೂ ಒಪ್ಪಿದರೆ ಮೂತ್ರ ಪರೀಕ್ಷೆ ಮಾಡಿಸುವುದಾಗಿ ಅವರು ಹೇಳಿದರು. ಭರಮಮ್ಮ ಗೊಣಗುತ್ತ ರುಜು ಹಾಕಿದಳು. ಪಂಪೇಶನದು ಮಾತ್ರ ಎಲ್ಲಿಲ್ಲದ ಉತ್ಸಾಹ.

"ತಗೊಳ್ರಿ ಮೇಡಂ! ಮೂರು ದಿನ ಆತು, ಒಂದು ಹನಿ ಮುಟ್ಟಿಲ್ಲ. ಬೇಕಾದ್ರ ಎರಡು ಬಾಟ್ಲಿ ಕೊಡ್ತೀನಿ."

ಕುಡಿದದ್ದೊಂದನ್ನು ಬಿಟ್ಟರೆ ಮೂತ್ರಕ್ಕೆ ಬೇರೇನೂ ಹೇಳಲು ಬರುವುದಿಲ್ಲವೆಂದು ಆ ಪುಣ್ಯಾತ್ಮ ನಂಬಿದ್ದ.

ಬುಧವಾರ ವರದಿಗಳು ಬಂದವು. ಇಬ್ಬರು ಹೆಂಗಸರದೂ ಶುದ್ಧ. ಯಶೋಧರಾ ಪಂಪೇಶನನ್ನು ಕರೆಸಿದರು.

"ನಿಮ್ಮ ಮೂತ್ರದಾಗ ಮದ್ಯ ಇಲ್ಲ."

ಪಂಪೇಶ್ ನಕ್ಕ. "ನಾ ಹೇಳಿದ್ನಲ್ರಿ."

"ಸಕ್ಕರಿ ಐತಿ. ಪ್ರೋಟೀನ್ ಐತಿ. ದೇವಿಕಾನ ಬಾಟ್ಲ್ಯಾಗ ಎಷ್ಟಿತ್ತೋ ಹೆಚ್ಚುಕಮ್ಮಿ ಅಷ್ಟ. ಮೊಹರು ಹಾಕಿದ ಬಾಟ್ಲಿನ ಡಿಎನ್‌ಎ ಪರೀಕ್ಷೆಗೆ ಕಳಿಸ್ತೀವಿ. ಅದು ಬರೋತನ ಕಾಯೋಣೋ, ನೀವ ಹೇಳ್ತೀರೋ?"

"ಅದರಾಗ ಇಷ್ಟೆಲ್ಲಾ ಗೊತ್ತಾಕೈತೇನ್ರಿ?" ಎಂದ.

ಆಮೇಲೆ ಎಲ್ಲ ಹೇಳಿದ. ದೇವಿಕಾ ರೊಟ್ಟಿ ಬಡಿಯುವಾಗ ಬಾಟಲಿಯನ್ನು ಆಡಿನ ಕೊಟ್ಟಿಗೆಯ ಹಿಂದೆ ಒಯ್ದು, ಆಕೆಯದನ್ನು ಚೆಲ್ಲಿ, ತನ್ನದನ್ನು ತುಂಬಿದ್ದ. ಅದಕ್ಕೆಂದೇ ಹಿಂದಿನ ರಾತ್ರಿ ಕಂಠಪೂರ್ತಿ ಕುಡಿದಿದ್ದ.

"ಕ್ಲಚ್ ಯಾವುದು, ಬ್ರೇಕ್ ಯಾವುದು ಅಂತ ಕೈ ಹಿಡಿದು ಕಲಿಸಿದವ ನಾನು. ಈಗ ಮಂದಿ ನನ್ನ 'ಡಂಪರ್ ದೇವಿಕಾನ ಗಂಡ' ಅಂತಾರ್ರೀ," ಎಂದ.

ಸಂಜೆ ಬಂಧನವಾಯಿತು. ಡಾಕ್ಟರ್ ಬಂದು ಪರೀಕ್ಷಿಸಿ ಅವನೆದುರೇ ಹೇಳಿದರು: ಸಕ್ಕರೆ ಕಾಯಿಲೆ ಬಂದು ವರ್ಷಗಳೇ ಆಗಿವೆ, ಕಿಡ್ನಿ ಕೆಡತೊಡಗಿದೆ, ಈಗಲಾದರೂ ಔಷಧ ಹಿಡಿದರೆ ಉಳಿಸಿಕೊಳ್ಳಬಹುದು. ಪಂಪೇಶ್ ತಲೆಯಾಡಿಸಿದ, ಅಷ್ಟೇ.

ವಿಷಯ ತಿಳಿದ ಕಂಪನಿ ಅಂದೇ ದೇವಿಕಾಳಿಂದ ಹೊಸದಾಗಿ ಮೂತ್ರ ತೆಗೆಸಿ, ಕೆಲಸ ಕೊಟ್ಟಿತು. ಮರುದಿನ ಸಂಡೂರು ಬಸ್ ಹತ್ತುವ ಮುನ್ನ ಆಕೆ ಠಾಣೆಯ ಬಾಗಿಲಿಗೆ ಬಂದು ಮಾತ್ರೆಯ ಪೊಟ್ಟಣವನ್ನೂ ರೊಟ್ಟಿಯ ಗಂಟನ್ನೂ ಚನ್ನಯ್ಯನ ಕೈಗಿಟ್ಟಳು. "ಉಣ್ಣದೇ ಗುಳಿಗಿ ನುಂಗಬ್ಯಾಡ ಅಂತ ಹೇಳ್ರಿ," ಎಂದಳು. ಒಳಗೆ ಬರಲಿಲ್ಲ.

ನ್ಯಾಯಾಲಯಕ್ಕೆ ಕರೆದೊಯ್ಯಲು ಯಶೋಧರಾ ಬಂದಾಗ ಪಂಪೇಶ್ ರೊಟ್ಟಿಯನ್ನು ಮುಟ್ಟದೆ ಕೂತಿದ್ದ.

"ಮೇಡಂ, ಒಂದು ಕೇಳ್ಲೇನು?"

ಕಾಯಿಲೆಯ ಬಗ್ಗೆ ಇರಬೇಕು ಎಂದುಕೊಂಡು ಅವರು ನಿಂತರು.

"ಆಕಿಗೆ ಯಾವ ಗಾಡಿ ಕೊಟ್ಟಾರಂತ್ರಿ?"

"ನೂರು ಟನ್ನಿನ ಡಂಪರ್."

ಕಿಡ್ನಿಯ ಮಾತಿಗೆ ಬಾರದ ಕಣ್ಣೀರು ಅವನಿಗೆ ಆಗ ಬಂತು.